ಇಬ್ಬರು ಗುರ್ಬಚನ್ ಕೌರ್, ಒಂದು ಕಂಪ್ಯೂಟರ್

ಹೊನ್ನಾಳಿಯಿಂದ ಹೊರಡುವ ಮುಂಚೆ

"ಕೋ-ಆಪರೇಟಿವ್ ಕಾಲೇಜು ಅಂತೀಯಲ್ಲ, ಅಲ್ಲೂ ಕಾರ್ಡಿಗೆ ಸಕ್ಕರೆ, ಸೀಮೆಎಣ್ಣೆ ಕೊಡ್ತಾರೇನೆ?"

ನಾನು ಕೆನಡಾಕ್ಕೆ ಓದಲು ಹೊರಟ ಸುದ್ದಿ ಕೇಳಿ ನಮ್ಮ ಅತ್ತೆ ಕೇಳಿದ ಮೊದಲ ಪ್ರಶ್ನೆ ಇದು. ಅವರದೇನೂ ತಪ್ಪಿಲ್ಲ. ಎಂಬತ್ತರ ದಶಕದ ಆರಂಭದ ಹೊನ್ನಾಳಿಯಲ್ಲಿ ಕೋ-ಆಪರೇಟಿವ್ ಎಂದರೆ ಸೊಸೈಟಿ, ಸೊಸೈಟಿ ಎಂದರೆ ಡಬ್ಬ ಹಿಡಿದು ಸಾಲಿನಲ್ಲಿ ನಿಲ್ಲುವುದು. ನಾನು ಅಡಿಗೆಮನೆಯ ಹೊಸ್ತಿಲ ಮೇಲೆ ಕೂತು ವಿವರಿಸಿದೆ. ಒಂದು ಅವಧಿ ತರಗತಿಯಲ್ಲಿ ಓದು. ಮುಂದಿನ ಅವಧಿ ಯಾವುದಾದರೂ ಆಸ್ಪತ್ರೆಯಲ್ಲಿ ನಿಜವಾದ ಕೆಲಸ. ಮತ್ತೆ ಓದು, ಮತ್ತೆ ಕೆಲಸ. ಕಾಲೇಜೂ ಆಸ್ಪತ್ರೆಯೂ ಕೈಜೋಡಿಸಿ ನಡೆಸುವ ಪದವಿ. ಕೆಲಸ ಕೊಟ್ಟವರು "ಈಕೆ ಪರವಾಗಿಲ್ಲ" ಎಂದು ಸಹಿ ಹಾಕಿದರೆ ಮಾತ್ರ ಮುಂದಿನ ತರಗತಿಗೆ ಸೇರಿಸುತ್ತಾರೆ. ಹಾಕದಿದ್ದರೆ ವಿದ್ಯಾರ್ಥಿವೇತನ ಅಲ್ಲಿಗೇ ನಿಂತು, ಮೊದಲು ಸಿಕ್ಕಿದ ವಿಮಾನ ಹತ್ತಿ ಮನೆಗೆ.

"ಅಂದ್ರೆ ಗೇಯ್ಸಿ ನೋಡಿ ಪಾಸ್ ಮಾಡ್ತಾರೆ ಅನ್ನು," ಎಂದರು ಅತ್ತೆ. "ಹಂಗಾದ್ರೆ ಒಳ್ಳೇ ಕಾಲೇಜೇ ಬಿಡು. ಬರೇ ಪುಸ್ತಕ ಓದಿದೋರ್ನ ನಾವು ಮನೆಯಾಗೇ ಕಂಡಿಲ್ವೇನು?"

ಮನೆಯಲ್ಲಿ ಬರೇ ಪುಸ್ತಕ ಓದಿದವರೆಂದರೆ ಅವರ ಮಗ, ಹೈಸ್ಕೂಲು ಮೇಷ್ಟ್ರು, ಅಂದರೆ ನಮ್ಮ ಮನೆಯವರು. ಅವರು ಪೇಪರನ್ನು ಇನ್ನಷ್ಟು ಅಗಲ ಮಾಡಿ ಮುಖ ಮುಚ್ಚಿಕೊಂಡರು. ಹಿಂದಿನಿಂದ ನಕ್ಕ ಸದ್ದು ಮಾತ್ರ ಬಂತು. ಅರ್ಜಿ ಹಾಕು ಎಂದು ತಿಂಗಳುಗಟ್ಟಲೆ ನನ್ನ ಬೆನ್ನು ಹತ್ತಿದವರೂ ಅವರೇ.

ನಾನು ನ್ಯಾಮತಿಯ ಜವಳಿ ಅಂಗಡಿಯವರ ಮಗಳು. ನರ್ಸ್ ತರಬೇತಿ ಮುಗಿಸಿ ಮೊದಲು ಜಗಳೂರಿನ ಕಡೆ, ಆಮೇಲೆ ಚನ್ನಗಿರಿಯ ಕಡೆ ಕೆಲಸ ಮಾಡಿದವಳು. ರೋಗಿಗಳನ್ನು "ಹಳೇ ಚೀಟಿ ಎಲ್ಲಿ?" ಎಂದು ಕೇಳಿ ಕೇಳಿ ನನ್ನ ಗಂಟಲು ಒಣಗಿತ್ತು. "ಸೂರಿನಾಗೆ ಸಿಗಿಸೀನಿ ಕಣವ್ವ", "ಮಗು ಹರಿದಾಕ್ತು ಕಣವ್ವ" ಎಂಬ ಉತ್ತರ ಕೇಳಿ ಕೇಳಿ ಕಿವಿಯೂ ತುಂಬಿತ್ತು. ಹೋದ ವರ್ಷ ಯಾವ ಔಷಧಿಗೆ ಮೈ ಊದಿತ್ತು ಎಂಬುದು ಅವರಿಗೂ ನೆನಪಿಲ್ಲ, ನಮಗೂ ಇಲ್ಲ. ರೋಗಿಯ ಕಥೆಯನ್ನು ಯಂತ್ರವೇ ನೆನಪಿಟ್ಟುಕೊಂಡು, ಕೇಳಿದ ಕೂಡಲೇ ಹೇಳುವಂತೆ ಮಾಡುವ ಒಂದು ಹೊಸ ವಿದ್ಯೆ ಬಂದಿದೆ, ಅದರ ಹೆಸರು ಹೆಲ್ತ್ ಇನ್ಫರ್ಮ್ಯಾಟಿಕ್ಸ್ ಎಂದು ಓದಿದ ದಿನ ನನಗೆ ಊಟ ಸೇರಲಿಲ್ಲ. ಅಷ್ಟು ಸಂತೋಷ.

ಎಲ್ಲರಿಗೂ ಹಾಗೇನಿರಲಿಲ್ಲ. ಬೀಳ್ಕೊಡಲು ಬಂದ ಚಿಕ್ಕಮಾವ ಕಾಫಿ ಹೀರುತ್ತ, "ಹೆಣ್ಮಗಳು, ಚಳಿಗೆ ಹೆದರಿ ದೀಪಾವಳಿಗೆ ವಾಪಸ್ ಬರ್ತಾಳೆ ತಗಳ್ರಿ" ಎಂದರು. ಅತ್ತೆ ಲೋಟ ಕಿತ್ತುಕೊಂಡರು. "ವಾಪಸ್ ಬರಾಕೆ ಅವಳೇನು ಬೀಗರ ಮನೆ ಊಟಕ್ಕೆ ಹೊಂಟಾಳಾ? ಓದು ಮುಗಿಸ್ದೆ ನನ್ನ ಸೊಸೆ ಈ ಹೊಸ್ತಿಲು ತುಳಿದ್ರೆ ನಾನು ನಿಮಗ್ಯಾರಿಗೂ ಮುಖ ತೋರ್ಸಲ್ಲ, ಗೊತ್ತಾತಾ?"

ನಾಲ್ಕು ಜನ ನೆಂಟರ ಮುಂದೆ ಆಡಿದ ಮಾತು. ಪೆಟ್ಟಿಗೆಗಿಂತ ಅದೇ ಭಾರವಾಗಿತ್ತು.

ಕಡಲ ದಂಡೆಯ ಕಾಲೇಜು

ಕೆನಡಾದ ಪಶ್ಚಿಮ ತುದಿಯಲ್ಲಿ ಇಳಿದೆ. ಸುಂಕದ ಅಧಿಕಾರಿಯೊಬ್ಬ ನನ್ನ ಪೆಟ್ಟಿಗೆ ತೆರೆದು, ಶೇಂಗಾ ಚಟ್ನಿಪುಡಿಯನ್ನು ಮೂಸಿ ಸೀನಿ, ಕೊನೆಗೆ ನಮ್ಮ ತಾಯಿ ಕಟ್ಟಿಕೊಟ್ಟಿದ್ದ ವಿಭೂತಿ ಗಟ್ಟಿಯನ್ನು ಎರಡು ಬೆರಳಿನಲ್ಲಿ ಎತ್ತಿ ಹಿಡಿದ. ಬೆಳ್ಳಗೆ, ನುಣ್ಣಗೆ, ಮುಟ್ಟಿದರೆ ಪುಡಿ.

"ಇದೇನು?"

ಇಂಗ್ಲಿಷಿನಲ್ಲಿ ಅದಕ್ಕೆ ಏನನ್ನುತ್ತಾರೋ ಹೊಳೆಯಲಿಲ್ಲ. ಬೂದಿ ಎಂದೆ. ಯಾತರ ಬೂದಿ ಎಂದ. ಹಸುವಿನ ಎನ್ನಲು ಹೋಗಿ, ಹಸುವನ್ನು ಸುಟ್ಟಿದ್ದಾರೆಂದು ತಿಳಿದಾನೆಂದು ಬಾಯಿ ಮುಚ್ಚಿಕೊಂಡೆ. ಅವನು ಇನ್ನೊಬ್ಬನನ್ನು ಕರೆದ. ಇಬ್ಬರೂ ಹುಬ್ಬು ಗಂಟಿಕ್ಕಿದರು. ಬೇರೆ ದಾರಿ ಕಾಣದೆ ನಾನು ಗಟ್ಟಿಯ ಮೇಲೆ ಮೂರು ಬೆರಳು ಒತ್ತಿ ಹಣೆಗೆ ಅಡ್ಡಡ್ಡ ಎಳೆದುಕೊಂಡು ನಿಂತೆ. ಇಬ್ಬರೂ ನನ್ನ ಹಣೆಯನ್ನು ದಿಟ್ಟಿಸಿದರು. ಮೊದಲನೆಯವನು ಗಟ್ಟಿಯನ್ನು ಜೋಪಾನವಾಗಿ ಮೊದಲಿದ್ದ ಬಟ್ಟೆಯಲ್ಲೇ ಸುತ್ತಿಟ್ಟು, "ಕೆನಡಾಕ್ಕೆ ಸ್ವಾಗತ" ಎಂದ.

ಆ ಜನ ವಿಚಿತ್ರ ಒಳ್ಳೆಯವರು. ನಾವು ಅವರ ಕಾಲು ತುಳಿದರೆ ಅವರೇ ಕ್ಷಮೆ ಕೇಳುತ್ತಾರೆ. ಬಸ್ಸಿನಿಂದ ಇಳಿಯುವಾಗ ಒಬ್ಬೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳುತ್ತಾರೆ. ನಮ್ಮ ಹೊನ್ನಾಳಿ ಬಸ್ಸಿನಲ್ಲಿ ಇಳಿಯುವಾಗ ಡ್ರೈವರಿಗೆ ಏನೇನು ಹೇಳುತ್ತಾರೆಂದು ನೆನೆದು ನಗು ಬಂತು. ಅದನ್ನು ಇಲ್ಲಿ ಬರೆಯುವಂತಿಲ್ಲ.

ತರಗತಿಯಲ್ಲಿ ಮೇಷ್ಟ್ರನ್ನು ಹೆಸರು ಹಿಡಿದು ಕೂಗುತ್ತಾರೆ. ಮುಂದಿನ ಕುರ್ಚಿಯ ಮೇಲೆ ಕಾಲು ಚಾಚಿ ಸೇಬು ಕಚ್ಚುತ್ತ ಪಾಠ ಕೇಳುತ್ತಾರೆ. ಮೊದಲ ದಿನ ಪ್ರೊಫೆಸರು ಒಳಗೆ ಬಂದಾಗ ಎದ್ದು ನಿಂತವಳು ನಾನೊಬ್ಬಳೇ. ಎಲ್ಲರೂ ನನ್ನನ್ನೇ ನೋಡಿದರು. ಮರುದಿನವೂ ಕಾಲುಗಳು ನನ್ನ ಮಾತು ಕೇಳದೆ ತಾವಾಗಿ ಎದ್ದವು. ನನಗೆ ನಾಚಿಕೆಯಾಗಬಾರದೆಂದು ಪಕ್ಕದಲ್ಲಿ ಕೂತಿದ್ದ ಟಾಮ್ ಎಂಬ ಉದ್ದನೆಯ ಸಹಪಾಠಿಯೂ ಎದ್ದ. ಅವನನ್ನು ನೋಡಿ ಹಿಂದಿನ ಸಾಲಿನವರೂ ಎದ್ದರು. ಪ್ರೊಫೆಸರು ಗಾಬರಿಯಾಗಿ, ತಮ್ಮ ಹಿಂದೆ ಯಾರೋ ದೊಡ್ಡವರು ಬರುತ್ತಿದ್ದಾರೆಂದು ತಿರುಗಿ ಬಾಗಿಲ ಕಡೆ ನೋಡಿದರು.

ಕಂಪ್ಯೂಟರ್ ಕೋಣೆಯದು ಬೇರೆಯೇ ಕಥೆ. ನಾನು ಹುಟ್ಟಿದ ಮೇಲೆ ಒಂದೇ ಒಂದು ಸಲ ಬೆಂಗಳೂರಿನಲ್ಲಿ ಕಂಪ್ಯೂಟರ್ ಕಂಡಿದ್ದೆ. ಅಲ್ಲಿ ಚಪ್ಪಲಿ ಹೊರಗೆ ಬಿಟ್ಟು, ದನಿ ತಗ್ಗಿಸಿ, ಗರ್ಭಗುಡಿಗೆ ಹೋದಂತೆ ಒಳಗೆ ಹೋಗಿದ್ದೆವು. ಇಲ್ಲಿಯೂ ಬಾಗಿಲ ಹೊರಗೆ ಬೂಟು ಬಿಚ್ಚಿಟ್ಟು, ಕಾಲುಚೀಲದಲ್ಲಿ ಒಳಗೆ ಹೋದೆ. ಸಾಲುಸಾಲು ಪರದೆಗಳು, ಕಪ್ಪಿನ ಮೇಲೆ ಹಸಿರು ಅಕ್ಷರಗಳು. ನ್ಯಾಮತಿಯ ನಮ್ಮ ಅಂಗಡಿಯ ಪಕ್ಕದ ಮೆಣಸಿನಕಾಯಿ ಸಾಹುಕಾರರನ್ನೇ ನನ್ನ ಮೊದಲ ರೋಗಿ ಮಾಡಿ, ಅವರ ಹೆಸರು, ಅವರ ಕೆಮ್ಮು ಎಲ್ಲ ಒತ್ತಿದೆ. ಪರದೆ ಅಳಿಸಿ, ಹೆಸರೊಂದನ್ನೇ ಮತ್ತೆ ಒತ್ತಿದೆ. ಕಣ್ಣು ಮಿಟುಕಿಸುವಷ್ಟರಲ್ಲಿ ಕೆಮ್ಮು ಎದುರಿಗೆ ಬಂದು ನಿಂತಿತು! ನಾನು "ಅಯ್ಯಯ್ಯೋ!" ಎಂದು ಕೂಗಿದ್ದಕ್ಕೆ ಕೋಣೆಯವರೆಲ್ಲ ಓಡಿ ಬಂದರು. ಸಾಹುಕಾರರು ಆ ದಿನ ಎಷ್ಟು ಸಲ ಕೆಮ್ಮಿದರೋ ಲೆಕ್ಕವಿಲ್ಲ.

ಹೊರಗೆ ಬಂದರೆ ಬೂಟು ಇಲ್ಲ. ಗುಡಿಸುವವನು, ಪಾಪ, ಯಾರೋ ಮರೆತು ಹೋಗಿದ್ದಾರೆಂದು ಕಳೆದ ವಸ್ತುಗಳ ಕಚೇರಿಗೆ ಕೊಟ್ಟಿದ್ದ. ಮಳೆಯಲ್ಲಿ ನೆನೆದ ಹುಲ್ಲಿನ ಮೇಲೆ ಕಾಲುಚೀಲದಲ್ಲೇ ಓಡಿದೆ. ಮರುದಿನದಿಂದ ಬುದ್ಧಿ ಬಂತು. ಬೂಟು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಒಳಗೆ ಹೋದೆ.

ಚಳಿಗಾಲ ಮುಗಿಯುವ ಹೊತ್ತಿಗೆ ಕೆಲಸದ ಅವಧಿಗೆ ಸಂದರ್ಶನಗಳು ಶುರುವಾದವು. ಮೊದಲ ಆಸ್ಪತ್ರೆಯವರು "ನಿಮಗೆ ಚೆನ್ನಾಗಿ ಬರುವುದೇನು?" ಎಂದರು. ನಮ್ಮಲ್ಲಿ ಹೆಣ್ಣು ನೋಡಲು ಬಂದವರು ಹಾಡು ಬರುತ್ತದಾ ಎಂದರೆ ಎಷ್ಟೇ ಬಂದರೂ ಇಲ್ಲ ಎನ್ನಬೇಕಷ್ಟೆ? ನಾನು ಅದೇ ರೂಢಿಯಲ್ಲಿ, "ಅಂಥದ್ದೇನೂ ಬರಲ್ಲ" ಎಂದೆ. ಅವರು ಅದನ್ನು ನಂಬಿಯೇಬಿಟ್ಟರು! ಎರಡನೆಯ ಕಡೆಯೂ ಅದೇ ಆಯಿತು. ಟಾಮ್ ತಲೆ ಚಚ್ಚಿಕೊಂಡ. "ಬರುತ್ತೆ ಅಂತ ಹೇಳು ಮಾರಾಯ್ತಿ, ಇಲ್ಲಿ ಯಾರೂ ಎರಡನೇ ಸಲ ಕೇಳಲ್ಲ." ಮೂರನೆಯವರು ಮಲೆಗಳಾಚೆಯ ಒಂದು ಸಣ್ಣ ಊರಿನ ಆಸ್ಪತ್ರೆಯವರು. ಅಲ್ಲಿ ರೋಗಿಗಳ ದಾಖಲೆ ವಿಭಾಗ ನೋಡಿಕೊಳ್ಳುವ ಗ್ಲೆಂಡಾ ಎಂಬಾಕೆ ಒಂದೇ ಪ್ರಶ್ನೆ ಕೇಳಿದರು. "ಸಿಟ್ಟಿನಿಂದ ಕೂಗಾಡುವ ರೋಗಿ ಎದುರಿಗೆ ಬಂದರೆ ಏನು ಮಾಡುತ್ತೀಯ?"

"ಕೂರಿಸಿ ನೀರು ಕೊಡುತ್ತೇನೆ."

ಗ್ಲೆಂಡಾ ಕನ್ನಡಕ ತೆಗೆದು ನನ್ನನ್ನು ನೋಡಿದರು. ಕೆಲಸ ಸಿಕ್ಕಿತು.

ಜಗಳೂರಿನಂಥ ಊರು

ಬಸ್ಸು ಹಿಮದ ಕಣಿವೆ ದಾಟಿತು. ಬಿಳಿ ಗುಡ್ಡ, ಕಪ್ಪು ಮರ, ಮತ್ತೆ ಬಿಳಿ ಗುಡ್ಡ. ಕಡಲ ದಂಡೆ ಬಿಟ್ಟರೆ ಕೆನಡಾ ಪೂರ್ತಿ ಹೀಗೆಯೇ ಎಂದುಕೊಂಡು ಕಣ್ಣು ಮುಚ್ಚಿದೆ. ಕಣ್ಣು ತೆರೆದರೆ ಹಿಮವೂ ಇಲ್ಲ, ಮರವೂ ಇಲ್ಲ. ಕಂದು ಬಣ್ಣದ ಬೋಳು ಗುಡ್ಡಗಳು, ನಡುವೆ ಕುರುಚಲು ಗಿಡ, ಕಲ್ಲು, ಮೇಲೆ ದೊಡ್ಡ ನೀಲಿ ಆಕಾಶ.

"ಜಗಳೂರು!" ಎಂದು ಕೂಗಿಬಿಟ್ಟೆ.

ಪಕ್ಕದ ಸೀಟಿನ ಮುದುಕ ಬೆಚ್ಚಿ, ಬಸ್ಸಿನವರು ಯಾವುದೋ ನಿಲ್ದಾಣ ಕೂಗಿದರೆಂದು ಚೀಲ ಹುಡುಕತೊಡಗಿದ. ನಾನು ನಾಚಿ ವಿವರಿಸಿದೆ. ನನ್ನ ಮೊದಲ ಕೆಲಸದ ಊರು ಹೀಗೇ ಇತ್ತು, ಮಳೆ ಕಡಿಮೆ, ಬಯಲು ಹೆಚ್ಚು, ಗಾಳಿಗೆ ತಡೆಯೇ ಇಲ್ಲ. "ಹಾಗಾದರೆ ನಿನಗೆ ನಮ್ಮೂರು ಹಿಡಿಸುತ್ತೆ" ಎಂದ. ಹಿಡಿಸಿಯೇ ಹಿಡಿಸಿತು. ಬಸ್ಸಿನಿಂದ ಇಳಿದು ಒಣ ಗಿಡದ ಒಗರು ವಾಸನೆ ಮೂಗಿಗೆ ಬಡಿದಾಗ ಬಂದು ತಲುಪಿದೆ ಎನ್ನಿಸಿತು. ಇಷ್ಟು ತಿಂಗಳು ಬರೇ ಇಳಿದುಕೊಂಡಿದ್ದೆ, ಅಷ್ಟೆ.

ಊರಿನ ಕೆಳಗೆ ನದಿ, ನದಿಯ ದಂಡೆಯಲ್ಲಿ ಮರ ಕೊಯ್ಯುವ ದೊಡ್ಡ ಮಿಲ್ಲು. ಮಿಲ್ಲಿನಲ್ಲಿ ಪೇಟ ಸುತ್ತಿದ ಪಂಜಾಬಿನ ಸಿಖ್ಖರು ಬಹಳ. ಅಪ್ಪನ ಕಾಲದಿಂದ ಬಂದು ನೆಲೆಸಿದವರಂತೆ. ಮೊದಲ ಸಂಜೆ ರಸ್ತೆಯಲ್ಲಿ ಸಾಸಿವೆ ಒಗ್ಗರಣೆಯ ವಾಸನೆ ಬಂದಾಗ ನಾನು ಯಾರದೋ ಮನೆಯ ಮುಂದೆ ಸುಮ್ಮನೆ ಒಂದು ಗಳಿಗೆ ನಿಂತಿದ್ದೆ.

ದಾಖಲಾತಿಯ ಮೇಜು

ಕಾಲೇಜಿನ ಹಿರಿಯ ವಿದ್ಯಾರ್ಥಿಗಳು ರೋಗಿಗಳನ್ನು ದಾಖಲಿಸಿಕೊಳ್ಳುವ ಒಂದು ಪ್ರೋಗ್ರಾಮ್ ಬರೆದಿದ್ದರು. ಅದನ್ನು ಈ ಆಸ್ಪತ್ರೆಗೆ ಒಗ್ಗಿಸುವುದು ನನ್ನ ಕೆಲಸ. ಹಳೆಯ ರಟ್ಟಿನ ಕಾರ್ಡುಗಳಲ್ಲಿ ಇದ್ದದ್ದೆಲ್ಲ ಯಂತ್ರಕ್ಕೆ ಹೋಗಬೇಕು. ಒಬ್ಬ ರೋಗಿಗೆ ಒಂದೇ ಕಥೆ, ಅದು ಇದರ ಮೂಲಮಂತ್ರ. ಅದಕ್ಕೇ ಒಂದು ನಿಯಮ ಇಟ್ಟಿದ್ದರು. ಹೆಸರೂ ಹುಟ್ಟಿದ ದಿನವೂ ಒಂದೇ ಆದರೆ ಮನುಷ್ಯನೂ ಒಬ್ಬನೇ.

ಕೆಲಸದ ರೀತಿ ತಿಳಿಯಲೆಂದು ಗ್ಲೆಂಡಾ ನನ್ನನ್ನು ದಾಖಲಾತಿಯ ಮೇಜಿನಲ್ಲೂ ಕೂರಿಸಿದರು. ಎಡವಟ್ಟಾದದ್ದು ಅಲ್ಲಿ. ನಾನು ಮಾತು ಕಲಿತದ್ದು ಸಾಸ್ವೆಹಳ್ಳಿಯಲ್ಲಿ, ಅಜ್ಜ ಅಜ್ಜಿಯ ಮನೆಯ ಜಗಲಿಯಲ್ಲಿ. ಅಲ್ಲಿಗೆ ಯಾರೇ ಬಂದರೂ ಮೊದಲು ನೀರು, ಬೆಲ್ಲ. ಆಮೇಲೆ "ಯಾವೂರಾತು? ಯಾರ ಪೈಕಿ?" ಎಂಬ ವಿಚಾರಣೆ. ಬಂದ ಕಾರಣ ಕೇಳುವುದು ಕಟ್ಟಕಡೆಗೆ. ಕೆನಡಾದ ರೋಗಿಗಳಿಗೂ ಅದೇ ಉಪಚಾರ ಮಾಡಿದೆ. ಬೆಲ್ಲ ಇರಲಿಲ್ಲ, ನೀರು ಇತ್ತು. ಕೈ ಸುಟ್ಟುಕೊಂಡು ಬಂದವನೊಬ್ಬ ತನ್ನ ತಾತ ಎಲ್ಲಿಂದ ಹಡಗು ಹತ್ತಿದ ಎಂಬುದರಿಂದ ಶುರುಮಾಡಿ, ಕೈಯ ವಿಷಯಕ್ಕೆ ಬರುವ ಹೊತ್ತಿಗೆ ಸಾಲು ಬಾಗಿಲ ಹೊರಗೆ ಹೋಗಿತ್ತು. ಅವನಿಗೇನೂ ಬೇಜಾರಿರಲಿಲ್ಲ. ಹಿಂದೆ ನಿಂತವರಿಗಿತ್ತು.

ಗ್ಲೆಂಡಾ ಒಳ್ಳೆಯ ಹೆಂಗಸು, ಆದರೆ ಗಡಿಯಾರ ನುಂಗಿದ ಹೆಂಗಸು. ಕಾಫಿಯ ವೇಳೆಗೆ ಸರಿಯಾಗಿ ಏಳುವರು, ಸರಿಯಾಗಿ ಕೂರುವರು. ಒಂದು ದಿನ ಕಾಫಿಗೆ ಕರೆದುಕೊಂಡು ಹೋಗಿ ಕೂರಿಸಿದರು.

"ಗಿರಿಜಾ, ನಿನ್ನ ತಲೆ ಚೆನ್ನಾಗಿ ಓಡುತ್ತೆ. ಆದರೆ ಮೇಜಿನ ಹಿಂದೆ ಕೂತರೆ ನೀನು ಮದುವೆಮನೆ ನಡೆಸುತ್ತೀಯ."

"ಇನ್ನು ಮೇಲೆ ಮಾತಾಡಲ್ಲ."

"ಆಸ್ಪತ್ರೆಯ ಆಡಳಿತ ಮಂಡಳಿಯವರು ಈ ಯಂತ್ರ ನೋಡಲು ಬರುತ್ತಿದ್ದಾರೆ. ಬೇಕೋ ಬೇಡವೋ ಎಂದು ಅವತ್ತೇ ತೀರ್ಮಾನ. ಅವತ್ತು ಎಲ್ಲ ಸರಿಹೋದರೆ ನಿನಗೆ ಸಹಿ ಹಾಕುತ್ತೇನೆ. ಹೋಗದಿದ್ದರೆ, ನನಗೆ ಸುಳ್ಳು ಬರೆಯಲು ಬರಲ್ಲ, ನೋಡು."

ನನ್ನ ಕಣ್ಣಮುಂದೆ ಹೊನ್ನಾಳಿ ಬಸ್ ಸ್ಟ್ಯಾಂಡು, ಕಾಫಿ ಲೋಟ ಹಿಡಿದ ಚಿಕ್ಕಮಾವ, ಬಾಗಿಲ ಹಿಂದೆ ಮುಖ ಮರೆಸಿಕೊಂಡ ಅತ್ತೆ, ಎಲ್ಲ ಒಟ್ಟಿಗೇ ಬಂದು ನಿಂತರು. ಅವತ್ತಿನಿಂದ ಬಾಯಿಗೆ ಬೀಗ. ಹೆಸರು, ಹುಟ್ಟಿದ ದಿನ, ಎಲ್ಲಿ ನೋವು, ಮುಂದಿನವರು ಬನ್ನಿ. ಸಾಲು ಸರಸರ ಸರಿಯಿತು. ನನಗೆ ಮಾತ್ರ ಮನೆಗೆ ಬಂದರೆ ದವಡೆ ನೋಯುತ್ತಿತ್ತು.

ಮಂಡಳಿಯವರು ಬಂದ ದಿನ

ಬೆಳಿಗ್ಗೆ ಮಂಡಳಿಯವರು ಬಂದು ನನ್ನ ಹಿಂದೆ ಅರ್ಧಚಂದ್ರದ ಹಾಗೆ ನಿಂತರು. ಅಧ್ಯಕ್ಷರು ಟೋಪಿ ಕೈಯಲ್ಲಿ ಹಿಡಿದ ಹಿರಿಯರು. ನಾಟಕ ಬೇಡ, ಬಾಗಿಲಿನಿಂದ ಮೊದಲು ಒಳಗೆ ಬರುವ ರೋಗಿಯನ್ನೇ ದಾಖಲು ಮಾಡಿ ತೋರಿಸುತ್ತೇವೆ ಎಂದು ಗ್ಲೆಂಡಾ ಹೆಮ್ಮೆಯಿಂದ ಹೇಳಿದರು.

ಮೊದಲು ಒಳಗೆ ಬಂದದ್ದು ಸಲ್ವಾರು ಕಮೀಜು ತೊಟ್ಟು, ಉಣ್ಣೆಯ ಶಾಲು ಹೊದ್ದ ಒಬ್ಬ ಪಂಜಾಬಿ ಅಜ್ಜಿ. ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬಂದಿದ್ದರು. ಬಾಗಿಲಿಗೆ ಬಿಟ್ಟ ಸೊಸೆ ಕಾರು ನಿಲ್ಲಿಸಲು ಹೋಗಿದ್ದಳು. ಹೆಸರು ಗುರ್ಬಚನ್ ಕೌರ್. ಕೈಚೀಲದಿಂದ ಪಾಸ್‌ಪೋರ್ಟ್ ಕೊಟ್ಟರು. ಹುಟ್ಟಿದ್ದು ಜನವರಿ ಒಂದು. ನಾನು ಬೆರಳು ಚುರುಕುಮಾಡಿ ಒತ್ತಿದೆ.

ಯಂತ್ರ ಕೀಂಯ್ ಎಂದಿತು. ಈ ರೋಗಿ ಈಗಾಗಲೇ ದಾಖಲಾಗಿದ್ದಾರೆ, ಮೇಲಿನ ವಾರ್ಡಿನಲ್ಲಿದ್ದಾರೆ ಎಂದು ಹಸಿರಾಗಿ ಬರೆಯಿತು.

"ಈಕೆ ಇಲ್ಲೇ ನಿಂತಿದ್ದಾರಲ್ಲ?" ಎಂದರು ಅಧ್ಯಕ್ಷರು.

ಇನ್ನೊಮ್ಮೆ ಒತ್ತಿದೆ. ಇನ್ನೊಮ್ಮೆ ಕೀಂಯ್. ಗ್ಲೆಂಡಾರ ಕತ್ತು ಕೆಂಪಾಗತೊಡಗಿತು. ನಾನು ಪಾಸ್‌ಪೋರ್ಟಿನ ಅಕ್ಷರಗಳನ್ನು ಒಂದೊಂದಾಗಿ ತಾಳೆ ನೋಡಿದೆ.

ಅಜ್ಜಿಗೆ ಇಂಗ್ಲಿಷ್ ಬಾರದು. ನನಗೆ ಪರೀಕ್ಷೆಗೆ ಕಲಿತ ಹಿಂದಿ, ಹೊನ್ನಾಳಿಯ ಗೆಳತಿಯರಿಂದ ಬಂದ ಚೂರು ಉರ್ದು. ಅಜ್ಜಿಯ ಪಂಜಾಬಿ ಮಾತು ನನ್ನ ಕಿವಿಗೆ ನಮ್ಮ ಕಡೆಯ ಮಾತಿನಂತೆಯೇ ಬಿತ್ತು. ಹಾಗೇ ಬರೆಯುತ್ತೇನೆ.

"ಏನಂತೈತೆ ಮಗಾ, ಆ ಡಬ್ಬ?"

"ನೀವು ಆಗಲೇ ಮಹಡಿ ಮೇಲೆ ಹಾಸಿಗೆಯಲ್ಲಿ ಮಲಗಿದ್ದೀರಂತೆ, ಅಮ್ಮ."

"ನಾನಾ? ಹಂಗಾದ್ರೆ ಇಲ್ಲಿ ಕಾಲು ನೋಯಿಸ್ಕೊಂಡು ನಿಂತಿರೋಳು ಯಾರು, ನಿಮ್ಮತ್ತೆನಾ?"

ನನಗೆ ನಗು ತಡೆಯಲಾಗಲಿಲ್ಲ. ನಗುತ್ತಿರುವಾಗಲೇ ತಲೆಯಲ್ಲಿ ಏನೋ ಮಿಂಚಿತು. "ಅಮ್ಮ, ನೀವು ಹುಟ್ಟಿದ್ದು ನಿಜವಾಗಿ ಜನವರಿ ಒಂದಕ್ಕಾ?"

"ಯಾರಿಗ್ ಗೊತ್ತು? ಗೋಧಿ ಕುಯ್ಯೋ ಕಾಲ್ದಾಗೆ ಹುಟ್ಟಿದೆ ಅಂತಿದ್ಲು ನಮ್ಮವ್ವ. ಜನವರಿ ಅಂತ ಕೊಟ್ಟಿದ್ದು ಪಾಸ್‌ಪೋರ್ಟ್ ಸಾಹೇಬ. ನಮ್ಮ ಓಣಿ ಹೆಂಗಸ್ರಿಗೆಲ್ಲ ಅದೇ ದಿನ, ಅದೇ ವರ್ಷ ಕೊಟ್ಟ. ಒಳ್ಳೇ ಮನುಷ್ಯ, ಭೇದಭಾವ ಮಾಡ್ಲಿಲ್ಲ."

ನಾನು ಮಂಡಳಿಯವರ ಕಡೆ ತಿರುಗಿದೆ. ನಮ್ಮ ಸಾಸ್ವೆಹಳ್ಳಿ ಶಾಲೆಯ ಕಥೆ ಹೇಳಿದೆ. ಮಕ್ಕಳನ್ನು ಸೇರಿಸಲು ಬಂದ ಅಪ್ಪಂದಿರಿಗೆ ಹುಟ್ಟಿದ ದಿನ ಗೊತ್ತಿರುತ್ತಿರಲಿಲ್ಲ. ಹೆಡ್ಮಾಸ್ತರು ಹಲ್ಲು ನೋಡಿ, ಎತ್ತರ ನೋಡಿ ಒಂದು ವರ್ಷ ಹಾಕಿ, ಶಾಲೆ ಶುರುವಾಗುವ ಜೂನ್ ಒಂದನ್ನೇ ಎಲ್ಲರಿಗೂ ಬರೆದುಬಿಡುತ್ತಿದ್ದರು. ನನ್ನ ಹುಟ್ಟುಹಬ್ಬವೂ ಜೂನ್ ಒಂದು, ನನ್ನ ತರಗತಿಯ ಅಷ್ಟೂ ಮಕ್ಕಳದು ಜೂನ್ ಒಂದು. "ನಿಮ್ಮ ದೇಶದಲ್ಲಿ ಬೆಕ್ಕಿಗೂ ಹುಟ್ಟುಹಬ್ಬ ಮಾಡುತ್ತೀರಿ. ಅದಕ್ಕೇ ನಿಮ್ಮ ಯಂತ್ರ ಹುಟ್ಟಿದ ದಿನವನ್ನು ಅಷ್ಟು ನಂಬುತ್ತದೆ" ಎಂದೆ. ಅಧ್ಯಕ್ಷರು ಟೋಪಿಯಲ್ಲಿ ಬಾಯಿ ಮುಚ್ಚಿ ನಕ್ಕರು. ಗ್ಲೆಂಡಾ ನಗಲಿಲ್ಲ.

"ಸರಿ, ಇಬ್ಬರು ಇದ್ದಾರೆ ಅಂತಿಟ್ಟುಕೊಳ್ಳೋಣ. ಇವರು ಯಾರು, ಮೇಲೆ ಇರುವವರು ಯಾರು? ಹಳೇ ಕಾರ್ಡುಗಳಲ್ಲಿ ಗಂಡನ ಹೆಸರಿದೆ. ಕೇಳು."

ಕೇಳಿದೆ. ಅಷ್ಟು ಹೊತ್ತು ಪಟಪಟ ಮಾತಾಡುತ್ತಿದ್ದ ಅಜ್ಜಿ ಗಪ್‌ಚಿಪ್. ಶಾಲಿನ ತುದಿ ಬಾಯಿಗೆ ಹೋಯಿತು. ಮತ್ತೆ ಕೇಳಿದೆ. ನೆಲ ನೋಡಿದರು. ಗ್ಲೆಂಡಾ ತಗ್ಗಿದ ದನಿಯಲ್ಲಿ, "ಪಾಪ, ಗಂಡನ ಹೆಸರೇ ನೆನಪಿಲ್ಲ. ಡಾಕ್ಟರಿಗೆ ತಿಳಿಸಬೇಕು, ಇದು ಕಣ್ಣಿಗಿಂತ ದೊಡ್ಡ ತೊಂದರೆ" ಎಂದರು.

ಅಯ್ಯೋ ಶಿವನೇ ಎನ್ನಿಸಿತು. ಮರೆವಲ್ಲ ಅದು! ಚನ್ನಗಿರಿಯ ಕಡೆ ಹೆಂಗಸರು ಗಂಡನ ಹೆಸರು ಬಾಯಿಬಿಟ್ಟು ಹೇಳುತ್ತಾರೆಯೇ? ಹೇಳಿದರೆ ಅವರ ಆಯಸ್ಸಿಗೆ ಕುತ್ತು. ಅಲ್ಲಿ ನಾವು ಚೀಟಿ ಬರೆಯುವಾಗ ಒಂದು ಉಪಾಯ ಮಾಡಿಕೊಂಡಿದ್ದೆವು. ಸಾಲಿನಲ್ಲಿ ಮುಂದಿದ್ದವಳ ಗಂಡನ ಹೆಸರನ್ನು ಹಿಂದಿದ್ದವಳು ಹೇಳುವುದು, ಅವಳದನ್ನು ಇವಳು ಹೇಳುವುದು. "ಏ ನಿಂಗಮ್ಮ, ನಮ್ಮೋರ ಹೆಸರು ಒಂದೀಟು ಹೇಳೇ" ಎಂದು ಒಬ್ಬರಿಗೊಬ್ಬರು ಬಾಯಿ ಸಾಲ ಕೊಡುತ್ತಿದ್ದರು. ಇಲ್ಲಿ ಹೇಳುವವರು ಯಾರು? ಸೊಸೆ ಬಂದರೂ ಮಾವನ ಹೆಸರು ಹೇಳುವವಳಲ್ಲ.

"ನನ್ನ ಜೊತೆ ಬನ್ನಿ" ಎಂದೆ. ಅಜ್ಜಿಯನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಲಿಫ್ಟಿನೊಳಗೆ ತಳ್ಳಿದೆ. ಗ್ಲೆಂಡಾ ಹಿಂದೆ, ಟೋಪಿಯ ಅಧ್ಯಕ್ಷರು ಅವರ ಹಿಂದೆ, ಮಂಡಳಿ ಪೂರ್ತಿ ಅವರ ಹಿಂದೆ. ಮೇಲಿನ ವಾರ್ಡಿನ ಕಿಟಕಿಯ ಪಕ್ಕ, ಪಿತ್ತಕೋಶದ ಆಪರೇಷನ್ನಿಗೆ ಕಾಯುತ್ತ ಇನ್ನೊಬ್ಬ ಅಜ್ಜಿ ಮಲಗಿದ್ದರು. ಇವರನ್ನು ಕಂಡದ್ದೇ ಎದ್ದು ಕೂತರು.

"ಅರೆ, ಬಚನೋ! ನೀನ್ಯಾಕೆ ಬಂದೆ?"

"ನಾನ್ಯಾಕೆ ಬಂದೆನಾ? ನನ್ನ ಹೆಸರ್ನಾಗೆ ಇಲ್ಲಿ ಮಲಗಿ ಊಟ ಹೊಡೀತಾ ಐದೀಯಲ್ಲೇ, ಕೆಳಗೆ ನನ್ನ ಒಳಗೇ ಬಿಡವಲ್ರು!"

"ಊಟಾನಾ? ಉಪ್ಪಿಲ್ಲ, ಖಾರ ಇಲ್ಲ. ತಗಾ, ನೀನೇ ತಿನ್ನು!"

ಒಂದೇ ಓಣಿಯವರು. ಗಂಡಂದಿರು ಒಂದೇ ಮಿಲ್ಲಿನವರು. ನಾನು ಇಬ್ಬರ ನಡುವೆ ನಿಂತು ಗಾಲಿಕುರ್ಚಿಯ ಅಜ್ಜಿಯನ್ನು ಕೇಳಿದೆ. "ಅಮ್ಮ, ಹಾಸಿಗೆ ಮೇಲಿರೋ ಇವರ ಯಜಮಾನರ ಹೆಸರೇನು?"

"ಇವಳ ಗಂಡನಾ? ಮೆಹರ್ ಸಿಂಗ್!" ಉತ್ತರ ಬಾಣದ ಹಾಗೆ ಬಂತು. "ಅವನ ಗೊರಕೆಗೆ ಇಡೀ ಓಣಿ ಎದ್ದು ಕೂರ್ತೈತೆ."

"ಮತ್ತೆ ಇವರ ಯಜಮಾನರು?" ಎಂದು ಹಾಸಿಗೆಯ ಅಜ್ಜಿಯನ್ನು ಕೇಳಿದೆ.

"ಇವಳ ಗಂಡ ಕರ್ತಾರ್ ಸಿಂಗ್. ಗೊರಕೆ ಹೊಡಿಯಲ್ಲ. ಹೊಡಿಯಾಕೆ ಇವಳು ಮಲಗಾಕೆ ಬಿಡ್ಬೇಕಲ್ಲ, ರಾತ್ರಿ ಪೂರಾ ಮಾತಾಡ್ತಾಳೆ!"

ಮಂಡಳಿಯವರಿಗೆ ಭಾಷೆ ತಿಳಿಯದಿದ್ದರೂ ಜಗಳದ ರುಚಿ ತಿಳಿಯಿತು. ಎಲ್ಲರೂ ನಕ್ಕರು. ವಾರ್ಡಿನ ನರ್ಸ್ ಮಾತ್ರ ಹಾಸಿಗೆಯ ತುದಿಯ ಚಾರ್ಟನ್ನೂ, ಗ್ಲೆಂಡಾ ತಂದಿದ್ದ ಕಾರ್ಡುಗಳನ್ನೂ ಪಕ್ಕಪಕ್ಕ ಹಿಡಿದು ನೋಡುತ್ತಿದ್ದಳು. "ಕರ್ತಾರ್ ಸಿಂಗರ ಹೆಂಡತಿಗೆ ಪೆನಿಸಿಲಿನ್ ಕೊಡಲೇಬಾರದು ಎಂದಿದೆ. ಮಲಗಿರುವವರಿಗೆ ಅಂಥದ್ದೇನೂ ಇಲ್ಲ" ಎಂದಳು.

ನಗು ನಿಂತಿತು. ಯಂತ್ರ ಕೀಂಯ್ ಎನ್ನದೆ ಇಬ್ಬರ ಕಥೆಯನ್ನೂ ಸದ್ದಿಲ್ಲದೆ ಒಂದು ಮಾಡಿದ್ದರೆ ಏನಾಗುತ್ತಿತ್ತು ಎಂಬುದು ಎಲ್ಲರ ಮುಖದಲ್ಲೂ ಕಂಡಿತು. ಅಜ್ಜಿಯರಿಬ್ಬರು ಮಾತ್ರ ಉಪ್ಪಿನಕಾಯಿಯ ಬಗ್ಗೆ ಮಾತು ಮುಂದುವರಿಸಿದ್ದರು. ಗಾಲಿಕುರ್ಚಿಯ ಗುರ್ಬಚನ್ ಕೌರ್ ನನ್ನ ಸೆರಗು ಎಳೆದು, "ನನಗೂ ಇದೇ ಕೋಣ್ಯಾಗೆ ಹಾಸಿಗೆ ಕೊಡ್ಸು. ಬೈಯಾಕೆ ಒಂದು ಜನ ಬೇಕು" ಎಂದರು.

ಅಧ್ಯಕ್ಷರು ಮೆಟ್ಟಿಲಿಳಿಯುತ್ತ ಹೇಳಿದರು. "ಯಂತ್ರ ಇರಲಿ. ಆದರೆ ಅದು ಇನ್ನೂ ಒಂದೆರಡು ಪ್ರಶ್ನೆ ಕೇಳುವುದನ್ನು ಕಲಿಯಲಿ."

"ಯಾವ ಪ್ರಶ್ನೆ?" ಎಂದರು ಗ್ಲೆಂಡಾ, ನನ್ನ ಕಡೆ ತಿರುಗಿ.

"ಯಾವ ಊರು, ಯಾರ ಮನೆಯವರು. ಉತ್ತರವನ್ನು ಜೊತೆಗೆ ಬಂದವರೂ ಹೇಳಬಹುದು."

ಗ್ಲೆಂಡಾ ಗಡಿಯಾರ ನೋಡಿಕೊಂಡರು. ಆಮೇಲೆ, "ಸರಿ. ನೀರು ಮಾತ್ರ ಯಂತ್ರದ ಹತ್ತಿರ ತರಬೇಡ" ಎಂದರು.

ಸಹಿಗೆ ಮುಂಚೆ

ಆ ಮಧ್ಯಾಹ್ನವೇ ಕೂತು ಹೊಸ ಸಾಲುಗಳನ್ನು ಸೇರಿಸಿದೆ. ಹುಟ್ಟೂರು ಒಂದು, ತಂದೆ ಅಥವಾ ಗಂಡನ ಹೆಸರು ಒಂದು. ಕಾಲೇಜಿಗೆ ಫೋನ್ ಮಾಡಿದಾಗ ಟಾಮ್ ಅತ್ತ ಕಡೆಯಿಂದ ಶಿಳ್ಳೆ ಹೊಡೆದ, ಪ್ರೋಗ್ರಾಮಿನ ಒಂದು ಗಂಟು ಬಿಡಿಸಿಕೊಟ್ಟ. ಸಂಜೆ ಗ್ಲೆಂಡಾ ಕಾಲೇಜಿನ ಹಾಳೆ ಹಿಡಿದು ಪಕ್ಕದಲ್ಲಿ ಬಂದು ಕೂತರು. ಪೆನ್ನಿನ ಮುಚ್ಚಳ ತೆಗೆದಿದ್ದರು.

"ಸಹಿ ಹಾಕುತ್ತೇನೆ. ಮೊದಲು ಕೆಲಸ ಮಾಡುತ್ತೆ ಎಂದು ತೋರಿಸು. ರೋಗಿಯಾಗಿ ನಿನ್ನನ್ನೇ ಸೇರಿಸು."

ಒತ್ತಿದೆ. ಹೆಸರು, ಗಿರಿಜಾ. ಹುಟ್ಟಿದ್ದು ಜೂನ್ ಒಂದು. ಊರು, ನ್ಯಾಮತಿ. ಯಂತ್ರ ಮುಂದಿನ ಸಾಲಿಗೆ ಬಂದು ಮಿಟಮಿಟ ಮಿನುಗುತ್ತ ಕಾಯಿತು.

"ಗಂಡನ ಹೆಸರು?" ಎಂದರು ಗ್ಲೆಂಡಾ, ಹಾಳೆಯಲ್ಲಿ ಗುರುತು ಹಾಕಿಕೊಳ್ಳಲು.

ನಾನು ನರ್ಸು. ಓದಿದವಳು. ಸಮುದ್ರ ದಾಟಿದವಳು. ಬಾಯಿ ತೆರೆದೆ. ಏನೂ ಬರಲಿಲ್ಲ. ಮದುವೆಯಾದಾಗಿನಿಂದ ಆ ಹೆಸರು ನನ್ನ ಬಾಯಲ್ಲಿ ಒಮ್ಮೆಯೂ ಬಂದಿಲ್ಲ ಎಂಬುದು ಅವತ್ತೇ ನನಗೆ ಗೊತ್ತಾದದ್ದು. ರೀ ಎಂದಿದ್ದೇನೆ, ಮೇಷ್ಟ್ರು ಎಂದಿದ್ದೇನೆ, ನಮ್ಮ ಮನೆಯವರು ಎಂದಿದ್ದೇನೆ. ಕಿವಿ ಬಿಸಿಯಾಯಿತು. ಸೆರಗಿನ ತುದಿ ತಾನಾಗಿ ಬಾಯಿಯ ಹತ್ತಿರ ಬಂತು. ಸುತ್ತ ನೋಡಿದೆ. ನನಗೆ ಬಾಯಿ ಸಾಲ ಕೊಡುವವರು ಆ ಕೋಣೆಯಲ್ಲಿ, ಆ ಊರಲ್ಲಿ, ಆ ದೇಶದಲ್ಲಿ ಯಾರೂ ಇರಲಿಲ್ಲ.

ಗ್ಲೆಂಡಾ ಕನ್ನಡಕದ ಮೇಲಿಂದ ನೋಡಿದರು. "ನೀನೂನಾ?"

ನಾನು ಮಾತಾಡದೆ ಒಂದೊಂದೇ ಅಕ್ಷರ ಒತ್ತಿದೆ. ಗ್ಲೆಂಡಾ ಪರದೆಯ ಕಡೆ ಬಾಗಿ, ಅದನ್ನು ಇಡೀ ಕೋಣೆಗೆ ಕೇಳುವಂತೆ, ಎಳೆಯುವ ಕಡೆ ಎಳೆಯದೆ, ಎಳೆಯಬಾರದ ಕಡೆ ಎಳೆದು, ಗಟ್ಟಿಯಾಗಿ ಓದಿದರು. ನಾನು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡೆ. ಬೆರಳ ಸಂದಿಯಿಂದ ನೋಡುತ್ತಿದ್ದಂತೆ ಅವರು ನಕ್ಕು, ಹಾಳೆಯನ್ನು ಮೊಣಕಾಲ ಮೇಲಿಟ್ಟು, ಉದ್ದಕ್ಕೆ ಸಹಿ ಹಾಕಿದರು.

ಓದು ಮುಗಿಸಿಯೇ ಹೊನ್ನಾಳಿಯ ಹೊಸ್ತಿಲು ತುಳಿದೆ. ಆ ಹೆಸರನ್ನು ಇಲ್ಲಿಯೂ ಬರೆಯುತ್ತಿಲ್ಲ. ಬೇಕಾದವರು ನಮ್ಮ ಪಕ್ಕದ ಮನೆಯ ಗೌರಮ್ಮನನ್ನು ಕೇಳಿ, ಹೇಳುತ್ತಾಳೆ. ಅವಳ ಯಜಮಾನರದು ಬೇಕಿದ್ದರೆ ನನ್ನನ್ನು ಕೇಳಿ.